ನಲ್ಲೂರಿನ ಹುಣಸೆ ತೋಪು

‘ಹುಣಸೆ ಮುಪ್ಪಾದರೆ ಹುಳಿ ಮುಪ್ಪೇ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮರ ಎಷ್ಟೇ ಹಳೆಯದಾದರೂ ಅದರ ಹಣ್ಣಿನ ಹುಳಿ ಕುಂದುವುದಿಲ್ಲವೆಂಬುದು ನಮ್ಮ ಹಿರಿಯರ ಅನುಭವ. ಗಾದೆಯ ಉತ್ತರಾರ್ಧವನ್ನು ಯಾವ ಅಡಿಗೆಯ ಮನೆಯಲ್ಲಾದರೂ ಪರೀಕ್ಷಿಸಿ ನೋಡಬಹುದು. ಪೂರ್ವಾರ್ಧದ ಸಂಗತಿ ಅಷ್ಟು ಸುಲಭವಲ್ಲ. ಹುಣಸೆಗೆ ಎಷ್ಟು ಮುಪ್ಪಾಗಿದೆಯೆಂದು ಹೇಳುವುದು ಹೇಗೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸುಮಾರು 54 ಎಕರೆ ನೆಲದ ಮುಂದಿನ ಗತಿ ಈ ಪ್ರಶ್ನೆಯನ್ನೂ, ಇದರ ಬೆನ್ನಿಗೇ ಬರುವ ಮತ್ತೊಂದು ಪ್ರಶ್ನೆಯನ್ನೂ ಅವಲಂಬಿಸಿದೆ.

ಆ ನೆಲವು ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿದೆ. ಅಲ್ಲಿ ಮುನ್ನೂರರ ಆಸುಪಾಸು ಹುಣಸೆಯ ಮರಗಳಿವೆ. ಕೆಲವು ಎಳೆಯವು, ಕೆಲವು ನಡುಪ್ರಾಯದವು. ಮತ್ತೆ ಕೆಲವನ್ನು ಮರವೆಂದು ಕರೆಯಬೇಕೋ ಮರದ ಅವಶೇಷವೆಂದು ಕರೆಯಬೇಕೋ ಎಂದು ಹೊಸಬನು ಅನುಮಾನಿಸುವಂತಿವೆ. ಬೊಡ್ಡೆ ಸೀಳಿ, ಒಳಗೆ ಮನುಷ್ಯನೊಬ್ಬನು ನಿಲ್ಲುವಷ್ಟು ಪೊಟರೆಯಾಗಿ, ಕೊಂಬೆಯೊಂದು ನೆಲಕ್ಕೊರಗಿ ಬಿದ್ದಿದ್ದರೂ ತುದಿಯಲ್ಲಿ ಮಾತ್ರ ಹಸುರು ಚಿಗುರು ತುಳುಕುತ್ತಿರುತ್ತದೆ. ಈ ತೋಪು ಚೋಳರ ಕಾಲದ್ದೆಂದೂ ಇದಕ್ಕೆ ಎಂಟು ನೂರು ವರ್ಷವಾಯಿತೆಂದೂ ಜನರ ನಂಬಿಕೆ. ಐತಿಹ್ಯವನ್ನು ಅಲ್ಲಗಳೆಯುವ ಆತುರ ನಮಗೆ ಬೇಡ. ಆದರೆ ಅದರ ಲೆಕ್ಕವನ್ನು ಒಮ್ಮೆ ನೋಡುವುದರಲ್ಲಿ ತಪ್ಪೇನೂ ಇಲ್ಲ. ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದು ಚೋಳರನ್ನು ಗಂಗವಾಡಿಯಿಂದ ಹೊರದೂಡಿದ್ದು 1116ರ ಸುಮಾರಿಗೆ. ಈ ಮರಗಳನ್ನು ನಿಜವಾಗಿ ಚೋಳರೇ ನೆಟ್ಟಿದ್ದರೆ ಅವುಗಳಿಗೆ ಎಂಟು ನೂರಲ್ಲ, ಒಂಬತ್ತು ನೂರು ವರ್ಷಗಳಾದರೂ ಆಗಿರಬೇಕಷ್ಟೆ. ಐತಿಹ್ಯಕ್ಕೆ ನೂರು ವರ್ಷವೆಂದರೆ ದೊಡ್ಡ ಮಾತಲ್ಲ. ವಿಜ್ಞಾನಕ್ಕೆ ಅದು ದೊಡ್ಡ ಮಾತು.

ಮರದ ವಯಸ್ಸನ್ನು ಅದರ ಸುತ್ತಳತೆಯಿಂದ ಊಹಿಸುವುದು ವಾಡಿಕೆ. ಇದು ನೆಚ್ಚತಕ್ಕ ಕ್ರಮವಲ್ಲ. ಕೆರೆಯಂಚಿನ ಮರವು ನಲವತ್ತು ವರ್ಷಗಳಲ್ಲಿ ಪಡೆಯುವ ದಪ್ಪವನ್ನು ಬಂಡೆಯ ಮೇಲಿನ ಮರವು ನೂರು ವರ್ಷಗಳಾದರೂ ಪಡೆಯದಿರಬಹುದು. ಇನ್ನು ಶಾಲೆಯ ಪುಸ್ತಕಗಳಲ್ಲಿ ಹೇಳುವ ವಾರ್ಷಿಕ ಉಂಗುರಗಳ ಮಾತು. ಚಳಿಗಾಲದಲ್ಲಿ ಬೆಳವಣಿಗೆ ಪೂರ್ತಿಯಾಗಿ ನಿಂತುಹೋಗುವ ಶೀತದೇಶಗಳಲ್ಲಿ ವರ್ಷಕ್ಕೊಂದರಂತೆ ಉಂಗುರಗಳು ಸ್ಪಷ್ಟವಾಗಿ ಮೂಡುತ್ತವೆ. ನಮ್ಮ ತೇಗದಲ್ಲಿಯೂ ಅವುಗಳನ್ನು ಎಣಿಸಬಹುದು. ಆದರೆ ಹುಣಸೆಯ ಉಂಗುರಗಳು ಮಸುಕಾದವು. ಅಲ್ಲದೆ ದೇವನಹಳ್ಳಿಯ ಸೀಮೆಯಲ್ಲಿ ಮೇ ತಿಂಗಳಿನಲ್ಲೊಮ್ಮೆ ಮಳೆ ಜೋರಾಗಿ, ನಡುವೆ ಸೊರಗಿ, ಮತ್ತೆ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಬಲಗೊಳ್ಳುತ್ತದೆ. ಹೀಗಿರುವಾಗ ಕಂಡ ಒಂದು ಗೆರೆಯು ಒಂದು ವರ್ಷದ್ದೇ ಎಂದು ಆಣೆಯಿಟ್ಟು ಹೇಳುವವರಾರು? ಎಲ್ಲಕ್ಕಿಂತ ಮಿಗಿಲಾಗಿ, ಎಣಿಸಬೇಕಾದ ನಡುಭಾಗವೇ ಅಲ್ಲಿಲ್ಲ. ಅದು ಕೊಳೆತು ಪೊಟರೆಯಾಗಿದೆ.

ಉಳಿದದ್ದು ವಿಕಿರಣಪಟು ಇಂಗಾಲದ ಕ್ರಮ. ಅಮೆರಿಕದ ವಿಲ್ಲರ್ಡ್ ಲಿಬ್ಬಿ ಎಂಬ ರಸಾಯನವಿಜ್ಞಾನಿಯೂ ಆತನ ಸಂಗಡಿಗರೂ 1949ರಲ್ಲಿ ಪ್ರಕಟಿಸಿದ ಈ ಕ್ರಮಕ್ಕಾಗಿ ಲಿಬ್ಬಿಗೆ 1960ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇದರ ತತ್ತ್ವ ಸರಳವಾದುದು. ವಿಶ್ವಕಿರಣಗಳು ವಾಯುಮಂಡಲದ ಮೇಲ್ಪದರವನ್ನು ಬಡಿದಾಗ ಹೊಮ್ಮುವ ನ್ಯೂಟ್ರಾನುಗಳು ಸಾರಜನಕದ ಪರಮಾಣುಗಳನ್ನು ಹೊಕ್ಕು ಅವುಗಳಲ್ಲಿ ಕೆಲವನ್ನು ಇಂಗಾಲವಾಗಿ ಮಾರ್ಪಡಿಸುತ್ತವೆ. ಹೀಗೆ ಹುಟ್ಟಿದ ಇಂಗಾಲದ ತೂಕ 12 ಅಲ್ಲ, 14. ಅದು ಅಸ್ಥಿರ; 5730 ವರ್ಷಗಳಲ್ಲಿ ಅದರ ಅರ್ಧಭಾಗ ಪುನಃ ಸಾರಜನಕವಾಗಿಬಿಡುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಅತ್ಯಲ್ಪ. ಸುಮಾರು ಒಂದು ಲಕ್ಷ ಕೋಟಿ ಇಂಗಾಲದ ಪರಮಾಣುಗಳಿಗೆ ಒಂದು. ಎಲೆಗಳು ಇಂಗಾಲಾಮ್ಲವಾಯುವನ್ನು ಹೀರುವಾಗ ಈ ಇಂಗಾಲವೂ ಅದೇ ಪ್ರಮಾಣದಲ್ಲಿ ಮರವನ್ನು ಸೇರಿ ಆ ವರ್ಷದ ಕಾಷ್ಠದಲ್ಲಿ ನೆಲೆಸುತ್ತದೆ. ಅಲ್ಲಿಂದ ಮುಂದೆ ಅದು ಕ್ಷಯಿಸುವುದೇ ಹೊರತು ಕೂಡುವುದಿಲ್ಲ. ಉಳಿದದ್ದೆಷ್ಟೆಂದು ಅಳೆದರೆ ಕಳೆದ ಕಾಲವೆಷ್ಟೆಂದು ತಿಳಿಯಿತು.

ಲೆಕ್ಕವನ್ನು ವಿದ್ಯಾರ್ಥಿಗಳು ಸ್ವತಃ ಮಾಡಿ ನೋಡಬಹುದು. ಮೊದಲು 100 ಭಾಗ ಇದ್ದ ಈ ಇಂಗಾಲದಲ್ಲಿ 400 ವರ್ಷಗಳ ತರುವಾಯ ಸುಮಾರು 95.3 ಭಾಗ ಉಳಿದಿರುತ್ತದೆ; 900 ವರ್ಷಗಳ ತರುವಾಯ 89.7 ಭಾಗ. ಐತಿಹ್ಯಕ್ಕೂ ಇನ್ನೊಂದು ಅಂದಾಜಿಗೂ ಇರುವ ಅಂತರವೆಲ್ಲ ಇಷ್ಟರಲ್ಲೇ ಅಡಗಿದೆ! ಅಳತೆಯಲ್ಲಿ ನೂರಕ್ಕೆ ಅರ್ಧಭಾಗದ ತಪ್ಪಾದರೆ ವಯಸ್ಸಿನಲ್ಲಿ ನಲವತ್ತು ವರ್ಷಗಳ ತಪ್ಪಾಗುತ್ತದೆ. ಆದುದರಿಂದಲೇ ಈ ಕೆಲಸಕ್ಕೆ ಅತಿಸೂಕ್ಷ್ಮವಾದ ಉಪಕರಣಗಳು ಬೇಕು. ಈಗಿನ ಉಪಕರಣಗಳಿಗೆ ಕೆಲವು ಮಿಲಿಗ್ರಾಂ ಕಾಷ್ಠವಿದ್ದರೆ ಸಾಕು, ಮರವನ್ನು ಕಡಿಯಬೇಕಾಗಿಲ್ಲ.

ನಲ್ಲೂರಿನ ಮರವೊಂದರ ಕಾಷ್ಠವನ್ನು ಈ ಕ್ರಮದಿಂದ ಪರೀಕ್ಷಿಸಿದಾಗ ಅದರ ವಯಸ್ಸು ಸುಮಾರು 400 ವರ್ಷವೆಂದು ಬಂದಿದೆ. ಹಾಗಾದರೆ ಚೋಳರ ಮಾತು ಸುಳ್ಳಾಯಿತೇ? ಅವಸರ ಬೇಡ. ಮೊದಲನೆಯದಾಗಿ, ಈ ಅಂಕಿಯು ಮರದ ವಯಸ್ಸಲ್ಲ, ಪರೀಕ್ಷೆಗೆ ಸಿಕ್ಕಿದ ಕಾಷ್ಠದ ವಯಸ್ಸು. ಮರದ ಅತ್ಯಂತ ಹಳೆಯ ಭಾಗ ಅದರ ನಡುವಿನ ಚೇಗು. ಅದು ಕೊಳೆತುಹೋಗಿರುವಲ್ಲಿ ಉಳಿದಿರುವ ಕಾಷ್ಠವೆಲ್ಲ ಅದಕ್ಕಿಂತ ಎಳೆಯದು. ಎರಡನೆಯದಾಗಿ, ಗಾಳಿಯಲ್ಲಿ 14 ತೂಕದ ಇಂಗಾಲದ ಪ್ರಮಾಣ ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಸೂರ್ಯನ ಮೇಲೆ ಕಲೆಗಳು ಬಹಳ ವಿರಳವಾಗಿದ್ದುವು. ಆಗ ವಿಶ್ವಕಿರಣಗಳು ಹೆಚ್ಚಾಗಿ ಬಂದು ಈ ಇಂಗಾಲವೂ ಹೆಚ್ಚಾಗಿ ಉತ್ಪತ್ತಿಯಾಯಿತು. ಇಂಥ ಏರಿಳಿತಗಳನ್ನು ಶೀತದೇಶದ ಮರಗಳ ಉಂಗುರಗಳಿಂದ ವರ್ಷವಾರು ಕಂಡುಹಿಡಿದು ತಿದ್ದುಪಡಿಯ ಕೋಷ್ಟಕಗಳನ್ನು ತಯಾರಿಸಿದ್ದಾರೆ. ಆದರೂ ಕಳೆದ ನಾಲ್ಕೈದು ಶತಮಾನಗಳ ಮಟ್ಟಿಗೆ ಒಂದೇ ಅಳತೆಗೆ ಎರಡು ಬೇರೆ ಬೇರೆ ಕಾಲಗಳು ಹೊಂದಿಕೊಳ್ಳುವುದುಂಟು. ಹೀಗಾಗಿ ‘ಈ ಮರವು ಸುಮಾರು ನಾಲ್ಕು ನೂರು ವರ್ಷಕ್ಕೆ ಕಡಮೆಯದಲ್ಲ’ ಎಂದು ಹೇಳುವುದು ನ್ಯಾಯ. ‘ನಾಲ್ಕು ನೂರು ವರ್ಷದ್ದು’ ಎಂದು ಹೇಳುವುದು ಅವಸರ. ಆವತಿಯ ನಾಡಪ್ರಭುಗಳ ವಂಶದ ಮಲ್ಲಭೈರೇಗೌಡನು ದೇವನಹಳ್ಳಿಯ ಮೊದಲ ಕೋಟೆಯನ್ನು ಕಟ್ಟಿಸಿದ್ದು 1501ರಲ್ಲಿ. ಆ ಕೋಟೆಯ ಮಣ್ಣು ಇನ್ನೂ ಹಳತಾಗುವ ಮುನ್ನವೇ ಈ ಮರವು ಹೂ ಬಿಡುತ್ತಿದ್ದಿರಬೇಕೆಂದು ಭಾವಿಸಿದರೆ ಅದು ಅತಿಶಯೋಕ್ತಿಯಾಗಲಾರದು.

ಪೊಟರೆಯಾದ ಮರವು ಇಷ್ಟು ಕಾಲ ನಿಂತಿರುವುದಾದರೂ ಹೇಗೆ? ಮರದ ಜೀವವಿರುವುದು ತೊಗಟೆಯ ಒಳಮಗ್ಗುಲಿನ ತೆಳುವಾದ ಪದರದಲ್ಲಿ. ಅದರೊಳಗಿನ ಹೊಸ ಕಾಷ್ಠವು ನೀರನ್ನು ಮೇಲಕ್ಕೆ ಸಾಗಿಸುತ್ತದೆ. ನಡುವಿನ ಚೇಗು ನಿರ್ಜೀವ. ಅದು ಕಂಬದಂತೆ ಆಸರೆ ಮಾತ್ರ. ಅದು ಹೋದರೂ ಆಸರೆ ಬಹಳವೇನೂ ಕುಗ್ಗುವುದಿಲ್ಲವೆಂಬುದು ಯಂತ್ರಶಿಲ್ಪ ಬಲ್ಲವರಿಗೆ ಗೊತ್ತು. ದುಂಡಾದ ಕಂಬವೊಂದರ ವ್ಯಾಸದಲ್ಲಿ ಅರ್ಧದಷ್ಟು ಟೊಳ್ಳಾದರೂ ಬಾಗುವಿಕೆಯನ್ನು ತಡೆಯುವ ಅದರ ಶಕ್ತಿಯಲ್ಲಿ 16ರಲ್ಲಿ ಒಂದು ಪಾಲು ಮಾತ್ರ ಕಳೆಯುತ್ತದೆ. ಬಿದಿರು ನಿಂತಿರುವುದೂ ಇದೇ ಗುಟ್ಟಿನಿಂದ. ನಲ್ಲೂರಿನಲ್ಲಿ ಇದಕ್ಕಿಂತ ವಿಚಿತ್ರವಾದುದೊಂದಿದೆ. ಕೆಲವು ಮರಗಳಲ್ಲಿ ಹಳೆಯ ಬೊಡ್ಡೆಯ ಪೊಟರೆಯೊಳಗೇ ಹೊಸ ಬೊಡ್ಡೆಯೊಂದು ಎದ್ದಿದೆ. ಇನ್ನು ಕೆಲವೆಡೆ ನೆಲಕ್ಕೆ ಬಾಗಿದ ಕೊಂಬೆಯು ಮಣ್ಣು ತಾಕಿದಲ್ಲಿ ಬೇರುಬಿಟ್ಟು, ಅಲ್ಲಿಂದ ಮೇಲೆದ್ದು ಬೇರೆ ಮರದಂತೆ ಕಾಣುತ್ತಿದೆ. ತೋಟಗಾರನು ಮಲ್ಲಿಗೆಯ ಬಳ್ಳಿಯನ್ನು ಬಗ್ಗಿಸಿ ಮಣ್ಣು ಮುಚ್ಚಿ ಮಾಡುವ ಕೆಲಸವನ್ನೇ ಇಲ್ಲಿ ಮರವು ತನ್ನಷ್ಟಕ್ಕೆ ಮಾಡಿಕೊಂಡಿದೆ.

ಇಲ್ಲಿ ನಮ್ಮ ಎರಡನೆಯ ಪ್ರಶ್ನೆ ಎದುರಾಗುತ್ತದೆ. ಈ ತೋಪಿನಲ್ಲಿರುವುದು ಎಷ್ಟು ಮರಗಳು? ಬೊಡ್ಡೆಗಳನ್ನೆಣಿಸಿ ಮುನ್ನೂರೆಂದುಬಿಟ್ಟರೆ ಉತ್ತರವಾಗಲಿಲ್ಲ. ಬಾಗಿದ ಕೊಂಬೆಯಿಂದೆದ್ದ ಮರವು ತಾಯಿಯ ಮಗಳಲ್ಲ, ತಾಯಿಯೇ. ಬೀಜದಿಂದ ಹುಟ್ಟಿದ ಮರವಾದರೋ ತಾಯಿಯೂ ಅಲ್ಲ, ಇನ್ನಾವ ಮರವೂ ಅಲ್ಲ. ಅದಕ್ಕೆ ಅದೇ ಸಾಟಿ. ಈ ವ್ಯತ್ಯಾಸವನ್ನು ಕಣ್ಣು ಗುರುತಿಸಲಾರದು. ಎಲೆಯ ತುಣುಕಿನಿಂದ ಡಿ.ಎನ್.ಎ. ಎಂಬ ವಂಶದ್ರವ್ಯವನ್ನು ಬೇರ್ಪಡಿಸಿ, ಮರದಿಂದ ಮರಕ್ಕೆ ಅದನ್ನು ಹೋಲಿಸಿದಾಗ ಮಾತ್ರ ಯಾವುದು ಯಾವುದರ ತುಂಡು, ಯಾವುದು ಸ್ವತಂತ್ರವೆಂಬುದು ತಿಳಿಯುತ್ತದೆ.

ಬೀಜದ ಮರಗಳು ಒಂದನ್ನೊಂದು ಹೋಲದಿರಲು ಕಾರಣವೇನೆಂಬುದನ್ನು ಕೊಂಚ ವಿವರಿಸಬೇಕು. ಹುಣಸೆಯ ಹೂ ಚಿಕ್ಕದು. ತಿಳಿಹಳದಿಯ ಎಸಳುಗಳ ಮೇಲೆ ಕೆಂಪು ಗೆರೆಗಳು. ಐದು ಎಸಳುಗಳಲ್ಲಿ ಮೂರು ಮಾತ್ರ ಕಣ್ಣಿಗೆ ಕಾಣುವಂತಿರುತ್ತವೆ. ಉಳಿದೆರಡು ಎಳೆಯಂತೆ ಸಣ್ಣಗಾಗಿವೆ. ಪರಾಗವನ್ನು ಸಾಗಿಸುವುದು ಜೇನುಹುಳು ಮುಂತಾದ ಕೀಟಗಳು. ಹೆಚ್ಚಿನ ಕಾಯಿಗಳು ಕಟ್ಟುವುದು ಬೇರೆ ಮರದಿಂದ ಬಂದ ಪರಾಗದಿಂದಲೇ. ಹುಣಸೆಯ ಪ್ರತಿಯೊಂದು ಜೀವಕೋಶದಲ್ಲಿ ವರ್ಣತಂತುಗಳ 12 ಜೋಡಿಗಳಿವೆ. ಪರಾಗವಾಗಲಿ ಅಂಡವಾಗಲಿ ಉಂಟಾಗುವಾಗ ಪ್ರತಿಯೊಂದು ಜೋಡಿಯಿಂದ ಒಂದೊಂದು ಮಾತ್ರ ಹೋಗುತ್ತದೆ. ಆದುದರಿಂದ ಒಂದೇ ಮರದಲ್ಲಿ 2ನ್ನು 12 ಸಲ ಗುಣಿಸಿದಷ್ಟು, ಎಂದರೆ 4096 ಬಗೆಯ ಅಂಡಗಳಾಗಬಹುದು. ತಂದೆಯ ಮರದಲ್ಲಿಯೂ 4096 ಬಗೆಯ ಪರಾಗ. ಒಂದು ಜೊತೆ ಮರಗಳಿಂದ ಆಗಬಹುದಾದ ಸಂತಾನದ ಬಗೆಗಳು 1,67,77,216! ವರ್ಣತಂತುಗಳು ತಮ್ಮ ತಮ್ಮಲ್ಲಿ ತುಣುಕುಗಳನ್ನು ಬದಲಾಯಿಸಿಕೊಳ್ಳುವುದನ್ನು ಈ ಲೆಕ್ಕದಲ್ಲಿ ಸೇರಿಸಿಯೇ ಇಲ್ಲ. ಹೀಗೆ ಶತಮಾನಗಳ ಉದ್ದಕ್ಕೂ ಬೀಜದಿಂದ ಬೆಳೆದ ತೋಪಿನಲ್ಲಿ ಒಂದು ಮರದ ಕಾಯಿ ನೀಳ, ಇನ್ನೊಂದರದು ಕೊಡಲಿಯಂತೆ ಡೊಂಕು. ಒಂದರ ತಿರುಳು ತುಂಬ, ಇನ್ನೊಂದರಲ್ಲಿ ಬೀಜವೇ ಹೆಚ್ಚು. ಒಂದು ಬಾಯಿಗಿಡಲಾಗದ ಹುಳಿ, ಇನ್ನೊಂದರಲ್ಲಿ ಸಿಹಿಯ ಛಾಯೆ. ನಲ್ಲೂರಿನ ತೋಪು ವಿಜ್ಞಾನಿಗಳ ಗಮನ ಸೆಳೆದದ್ದು ಅದರ ಪ್ರಾಯಕ್ಕಾಗಿ ಮಾತ್ರವಲ್ಲ, ಮರದಿಂದ ಮರಕ್ಕೆ ಕಾಣುವ ಈ ಭೇದಕ್ಕಾಗಿ.

ಹುಣಸೆ ನಮ್ಮ ನಾಡಿನ ಮೂಲದ ಮರವೇ ಅಲ್ಲವಲ್ಲ, ಅದಕ್ಕೇಕೆ ಇಷ್ಟು ಆದರವೆಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಸಸ್ಯವಿಜ್ಞಾನಿಗಳು ಇದರ ತವರು ಆಫ್ರಿಕದ ಉಷ್ಣಪ್ರದೇಶವೆಂದು ತಿಳಿಯುತ್ತಾರೆ. ಅರಬರು ಇದನ್ನು ಭಾರತದಲ್ಲಿ ಕಂಡು ‘ತಮರ್ ಹಿಂದಿ’, ಎಂದರೆ ಹಿಂದ್ ದೇಶದ ಖರ್ಜೂರವೆಂದು ಕರೆದರು. ಆ ಹೆಸರೇ ತಿರುಗಿ ಇದರ ಶಾಸ್ತ್ರೀಯ ನಾಮವಾದ ಟ್ಯಾಮರಿಂಡಸ್ ಇಂಡಿಕ ಎಂಬುದರಲ್ಲಿ ಸೇರಿ ಮರಕ್ಕೆ ಎರಡು ಸಲ ಭಾರತೀಯತ್ವವನ್ನು ಕೊಟ್ಟಿತು. ಆದರೆ ಗಂಗಾನದಿಯ ಬಯಲಿನ ನರ್ಹನ್ ಎಂಬಲ್ಲಿ ಸಿಕ್ಕಿದ ಹುಣಸೆಯ ಇದ್ದಲಿಗೆ ಮೂರು ಸಾವಿರ ವರ್ಷಗಳಿಗೂ ಮಿಕ್ಕ ವಯಸ್ಸೆಂದು ಕಂಡುಬಂದಿದೆ. ಅಷ್ಟು ಕಾಲ ನಮ್ಮ ಬಿಸಿಲು, ನಮ್ಮ ಬರ, ನಮ್ಮ ಜನರ ರುಚಿ ಇವುಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ಮರವನ್ನು ಪರದೇಶಿಯೆನ್ನುವುದು ಮೆಣಸಿನಕಾಯಿಯಿಲ್ಲದೆ ಸಾರು ಮಾಡುತ್ತೇನೆಂಬ ಹಟದಂತೆ!

ಭೇದದಿಂದಾಗುವ ಪ್ರಯೋಜನವನ್ನು ತಿಳಿಯಲು ಭೇದವಿಲ್ಲದಿದ್ದರೆ ಏನಾಗುವುದೆಂದು ನೋಡುವುದು ಸುಲಭವಾದ ದಾರಿ. ನಂಜನಗೂಡಿನ ರಸಬಾಳೆಯ ಹೆಸರನ್ನು ಎಲ್ಲರೂ ಕೇಳಿದ್ದೀರಿ. ಬಾಳೆಯನ್ನು ಕಂದಿನಿಂದ ಬೆಳೆಸುವುದರಿಂದ ತೋಟದ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳು. ಪನಾಮ ಸೊರಗುರೋಗದ ಶಿಲೀಂಧ್ರವು ಮಣ್ಣಿನಲ್ಲಿ ನೆಲೆಗೊಂಡಾಗ ಅದನ್ನು ತಡೆಯಬಲ್ಲ ಗಿಡ ಒಂದೂ ಇರಲಿಲ್ಲ. ಒಂದು ಸೋತರೆ ಎಲ್ಲವೂ ಸೋತಂತೆ. ಪ್ರಸಿದ್ಧವಾದ ಆ ಬೆಳೆ ಬಹಳ ಕ್ಷೀಣಿಸಿಹೋಯಿತು. ಬೀಜದ ತೋಪಿನಲ್ಲಿ ಹಾಗಾಗುವ ಸಂಭವ ಕಡಮೆ. ರೋಗ ಬಂದರೂ ಬರ ಬಂದರೂ ಕೆಲವು ಮರಗಳಾದರೂ ತಾಳಿಕೊಳ್ಳುತ್ತವೆ. ಯಾವುವು ಎಂಬುದು ಮಾತ್ರ ಮುಂಚಿತವಾಗಿ ಯಾರಿಗೂ ತಿಳಿಯದು. ಎಲ್ಲವನ್ನೂ ಉಳಿಸಿಕೊಳ್ಳಬೇಕಾದ ಕಾರಣವೇ ಇದು.

ಭೇದವು ಆಪತ್ತಿನಲ್ಲಿ ಮಾತ್ರ ಒದಗುವುದೆಂದಲ್ಲ, ಸಂಪತ್ತನ್ನೂ ತರುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ರೈತರೊಬ್ಬರ ಹೊಲದಲ್ಲಿ ಬೀಜದಿಂದ ಬೆಳೆದಿದ್ದ ಹಲಸಿನ ಮರವೊಂದರ ಹಣ್ಣು ಚಿಕ್ಕದು, ತೊಳೆ ತಾಮ್ರದಂತೆ ಕೆಂಪು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಪರೀಕ್ಷಿಸಿ, ಕಸಿಗಳ ಮೂಲಕ ಹರಡಲು 2017ರಲ್ಲಿ ಒಪ್ಪಂದ ಮಾಡಿಕೊಂಡು, ಮಾರಾಟದ ಹಣದಲ್ಲಿ ದೊಡ್ಡ ಪಾಲನ್ನು ಮರದ ಒಡೆಯರಿಗೇ ಬಿಟ್ಟರು. ‘ಸಿದ್ದು’ ಹಲಸು ಎಂದು ಪ್ರಸಿದ್ಧವಾದದ್ದು ಅದೇ. ನಮ್ಮ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯ ಸುತ್ತಿನ ಹಲಸುಗಳಲ್ಲಿಯೂ ಇಂಥ ವೈವಿಧ್ಯವುಂಟು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ನೆರವಿನಿಂದ ಅಲ್ಲಿಯ ಬೆಳೆಗಾರರು ಸಂಘ ಕಟ್ಟಿಕೊಂಡಿದ್ದಾರೆ. ಹುಣಸೆಯೂ ಇದಕ್ಕೆ ಹೊರತಲ್ಲ. ಅದರ ಬೀಜದ ಸರಿಯನ್ನು ಕಂಬಳಿ ನೇಯುವವರು ನೂಲಿಗೆ ಹಚ್ಚುತ್ತಾರೆ. ಬಟ್ಟೆಯ ಕಾರ್ಖಾನೆಗಳೂ ಬೀಜದ ಹುಡಿಯನ್ನು ಕೊಳ್ಳುತ್ತವೆ. ಹೀಗಾಗಿ ಬೀಜ ಹೆಚ್ಚಾದ ಕಾಯಿಯೂ ಹೀನವೇನಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಕಾನೂನಿನ ಮಾತು ಅರ್ಥವಾಗುತ್ತದೆ. 2002ರ ಜೀವವೈವಿಧ್ಯ ಅಧಿನಿಯಮದ 37ನೆಯ ಪ್ರಕರಣವು ರಾಜ್ಯ ಸರ್ಕಾರಕ್ಕೆ, ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ, ಜೀವವೈವಿಧ್ಯ ಪಾರಂಪರಿಕ ತಾಣಗಳನ್ನು ಘೋಷಿಸುವ ಅಧಿಕಾರ ಕೊಟ್ಟಿದೆ. ಅದರಂತೆ 2007ರಲ್ಲಿ ನಲ್ಲೂರಿನ ತೋಪು ಭಾರತದಲ್ಲೇ ಮೊಟ್ಟಮೊದಲನೆಯ ಅಂಥ ತಾಣವಾಯಿತು. ದಟ್ಟವಾದ ಮಲೆನಾಡಿನ ಕಾಡಿಗೆ ಮೊದಲು ಬರಬಹುದಾಗಿದ್ದ ಗೌರವ ಬಯಲುಸೀಮೆಯ ಒಂದು ತೋಪಿಗೆ ಬಂದದ್ದು ಹಲವರಿಗೆ ಆಶ್ಚರ್ಯವೆನಿಸಿತು; ನನಗೆ ಉಚಿತವೆಂದೇ ತೋರುತ್ತದೆ. ಮರುವರ್ಷ, 2008ರ ಮೇ ತಿಂಗಳಿನಲ್ಲಿ, ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನನಿಲ್ದಾಣ ತೆರೆಯಿತು. ಅಲ್ಲಿಂದೀಚೆಗೆ ಸುತ್ತಣ ನೆಲದ ಬೆಲೆ ಏನಾಯಿತೆಂಬುದನ್ನು ಹೇಳಬೇಕಾಗಿಲ್ಲ. ದೇವನಹಳ್ಳಿಯ ಹೆಸರಾಂತ ಚಕ್ಕೋತದ ತೋಟಗಳು ಬಹುಮಟ್ಟಿಗೆ ಬಡಾವಣೆಗಳಾದುವು. ಊರೂರಿನ ಗುಂಡುತೋಪುಗಳೂ ಹಾಗೆಯೇ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾನಿಲಯದ ಸೀಮಾ ಮುಂಡೋಳಿ, ಹರಿಣಿ ನಾಗೇಂದ್ರ ಮೊದಲಾದವರು ಬೆಂಗಳೂರಿನ ಅಂಚಿನ ಹಳ್ಳಿಗಳನ್ನು ಸುತ್ತಿ ನೋಡಿದಾಗ, ಹಿಂದಿನ ದಾಖಲೆಗಳಲ್ಲಿ ಗುಂಡುತೋಪೆಂದಿದ್ದ ಅನೇಕ ಕಡೆಗಳಲ್ಲಿ ಮರಗಳ ಬದಲು ಕಟ್ಟಡಗಳು ನಿಂತಿದ್ದುವು.

ಘೋಷಣೆಯು ನೆಲವನ್ನು ಕಾಯಬಲ್ಲದು, ಮರವನ್ನು ಸಾವಿನಿಂದ ಕಾಯಲಾರದು. ಮುಪ್ಪಾದ ಮರ ಒಂದು ದಿನ ಉರುಳುವುದೇ ಸರಿ. ಆಗ ನರ್ಸರಿಯಿಂದ ಒಳ್ಳೆಯ ಜಾತಿಯ ಕಸಿಗಳನ್ನು ತಂದು ಸಾಲಾಗಿ ನೆಟ್ಟರೆ ಮರಗಳ ಸಂಖ್ಯೆ ಮುನ್ನೂರಕ್ಕೆ ಕುಂದಿಲ್ಲವೆಂದು ವರದಿ ಬರೆಯಬಹುದು. ಆದರೆ ಮುನ್ನೂರು ಬಗೆಯ ಹುಣಸೆ ಒಂದೇ ಬಗೆಯಾಗಿ, ನಂಜನಗೂಡಿನ ಬಾಳೆಯ ತೋಟವಾಗಿ ಬಿಟ್ಟಿರುತ್ತದೆ. ಮಾಡತಕ್ಕದ್ದು ಬೇರೆ. ಒಂದೊಂದು ಮರದ ಕಡ್ಡಿಯಿಂದಲೂ ಕಸಿಕಟ್ಟಿ, ಸಂಖ್ಯೆ ಹಾಕಿ, ಆ ಮರ ಇಲ್ಲವಾದರೂ ಅದರ ಅಂಶ ಉಳಿಯುವಂತೆ ಇನ್ನೊಂದೆಡೆ ಬೆಳೆಸಬೇಕು. ಅದರ ಜೊತೆಗೆ ತೋಪಿನೊಳಗೆ ಬಿದ್ದ ಬೀಜಗಳಿಂದೆದ್ದ ಸಸಿಗಳನ್ನು ಮೇಕೆಗಳಿಂದಲೂ ಬೆಂಕಿಯಿಂದಲೂ ರಕ್ಷಿಸಬೇಕು. ಮೊದಲನೆಯದು ಇದ್ದುದನ್ನು ಇದ್ದ ಹಾಗೆ ಇಡುತ್ತದೆ. ಎರಡನೆಯದು ಹಿಂದೆಂದೂ ಇಲ್ಲದ ಹೊಸ ಬಗೆಗಳನ್ನು ಹುಟ್ಟಿಸುತ್ತದೆ. ಒಂದಕ್ಕೆ ಇನ್ನೊಂದು ಬದಲಿಯಲ್ಲ.

ಈ ಕೆಲಸದ ಒಂದು ಪಾಲನ್ನು ವಿದ್ಯಾರ್ಥಿಗಳು ತಮ್ಮ ಊರಿನ ತೋಪಿನಲ್ಲಿಯೇ ಮಾಡಬಹುದು. ಬೇಕಾದದ್ದು ದರ್ಜಿಯ ಅಳತೆಪಟ್ಟಿ, ತಕ್ಕಡಿ, ಒಂದು ಪುಸ್ತಕ. ಪ್ರತಿಯೊಂದು ಮರಕ್ಕೂ ಒಂದು ಸಂಖ್ಯೆ ಕೊಟ್ಟು, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆಯನ್ನು ತೆಗೆಯಿರಿ. ಬೊಡ್ಡೆಗೆ ಮೊಳೆ ಹೊಡೆಯಬೇಡಿ. ಹಣ್ಣು ಮಾಗುವ ಕಾಲದಲ್ಲಿ, ಎಂದರೆ ಜನವರಿಯಿಂದ ಏಪ್ರಿಲ್‌ವರೆಗೆ, ಒಂದೊಂದು ಮರದಿಂದ ಇಪ್ಪತ್ತು ಕಾಯಿಗಳನ್ನು ಆರಿಸದೆ ಎತ್ತಿಕೊಂಡು, ತಿರುಳು, ಬೀಜ, ಸಿಪ್ಪೆ ನಾರುಗಳನ್ನು ಬೇರೆ ಬೇರೆ ತೂಗಿರಿ. ಸಾಧಾರಣವಾಗಿ ತಿರುಳು ನೂರಕ್ಕೆ 30ರಿಂದ 55, ಬೀಜ 25ರಿಂದ 40 ಭಾಗ ಇರುತ್ತದೆ. ಈ ಮೇರೆಗಳನ್ನು ಮೀರಿದ ಮರ ಸಿಕ್ಕಿದರೆ ಮತ್ತೆ ಇಪ್ಪತ್ತು ಕಾಯಿಗಳನ್ನು ತೂಗಿ ಖಚಿತಪಡಿಸಿಕೊಂಡು, ನಿಮ್ಮ ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿ. ಅಧಿನಿಯಮದ ಪ್ರಕಾರ ಪ್ರತಿಯೊಂದು ಪಂಚಾಯತಿಯಲ್ಲೂ ಅಂಥ ಸಮಿತಿಯೊಂದು ಇರಬೇಕು, ಊರಿನ ಗಿಡಮರ ಪ್ರಾಣಿಗಳ ದಾಖಲೆಯ ಪುಸ್ತಕವನ್ನು ಅದು ಇಟ್ಟಿರಬೇಕು. ಆ ಪುಸ್ತಕದಲ್ಲಿ ನಿಮ್ಮ ಮರದ ಸಂಖ್ಯೆಯನ್ನೂ ತೂಕವನ್ನೂ ದಿನಾಂಕವನ್ನೂ ಬರೆಯಿಸಿ, ಮುಂದಿನ ವರ್ಷ ಅದೇ ಮರದ ಕೆಳಗೆ ಮತ್ತೆ ಕಾಯಿ ಆಯಿರಿ.